ಪದ ಬೇಕು: ಮೀನುಮರಿ ತೊಟ್ಟಿಯ ‘ಸೈಕಲ್ ಆದ’ ಫಿಲ್ಟರ್

ಮಾನ್ಯರೆ,
ಮೀನುಮರಿ ಸಾಕುವವರಿಗೆಂದು ತೊಟ್ಟಿಯ ಪಕ್ಕ ಅಂಟಿಸುವ ಸೂಚನಾ ಹಾಳೆಯೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ನಾಳೆ ಬೆಳಿಗ್ಗೆ ಅಚ್ಚಿಗೆ ಕೊಡಬೇಕು. ‘ಹೊಟ್ಟೆಯಡಿಯ ಹಳದಿ ಚೀಲ ಕರಗಿ ಮರಿ ತಾನಾಗಿ ಈಜುವವರೆಗೆ ತಿನಿಸು ಹಾಕಬೇಡಿ’, ‘ತಳದಲ್ಲಿ ಉಳಿದ ತಿನಿಸನ್ನು ಸಣ್ಣ ಕೊಳವೆಯಿಂದ ದಿನವೂ ಎಳೆದು ತೆಗೆಯಿರಿ’ ಇವೆಲ್ಲ ಸಲೀಸಾಗಿ ಬಂದವು. ಸಿಕ್ಕಿಬಿದ್ದಿರುವುದು ಒಂದು ಸಾಲಿನಲ್ಲಿ: ‘ಸೈಕಲ್ ಆದ ಸ್ಪಂಜ್ ಫಿಲ್ಟರ್ ಇಲ್ಲದ ತೊಟ್ಟಿಗೆ ಮರಿ ಬಿಡಬೇಡಿ.’ ಸಾಕುವವರು ‘ಸೈಕಲ್ ಆಗಿದೆ’ ಅಂತಲೇ ಅನ್ನುತ್ತಾರೆ. ಹೊಸಬರಿಗೆ ತಿಳಿಯುವಂಥ ಪದ ಉಂಟೆ?

ಮರು:
‘ಜೈವಿಕವಾಗಿ ಚಕ್ರೀಕೃತವಾದ ಶೋಧಕ’. ಚರ್ಚೆಗೆ ಏನಿದೆ ಇದರಲ್ಲಿ?

ಮರು:
ಅದನ್ನು ಓದಿದವರು ಫಿಲ್ಟರಿನಲ್ಲಿ ಚಕ್ರ ಎಲ್ಲಿದೆ ಅಂತ ಹುಡುಕುತ್ತಾರೆ. ಮೊದಲು ಆಗುವುದೇನು ನೋಡಿ. ಮರಿಗೆ ದಿನಕ್ಕೆ ನಾಲ್ಕಾರು ಸಲ ತಿನಿಸು ಬೇಕು. ಹಾಗಾಗಿ ಹೊಲಸೂ ಹೆಚ್ಚು, ಅದರಿಂದ ಅಮೋನಿಯ. ಸ್ಪಂಜಿನಲ್ಲಿ ನೆಲೆಸಿದ ಬ್ಯಾಕ್ಟೀರಿಯಗಳು ಅದನ್ನು ನೈಟ್ರೈಟ್ ಮಾಡುತ್ತವೆ, ಬೇರೆ ಕೆಲವು ನೈಟ್ರೈಟನ್ನು ನೈಟ್ರೇಟ್ ಮಾಡುತ್ತವೆ. ಮೊದಲೆರಡು ಮರಿಯನ್ನು ಕೊಲ್ಲುತ್ತವೆ, ಮೂರನೆಯದು ಅಷ್ಟು ಕೆಟ್ಟದ್ದಲ್ಲ. ಹೊಸ ಸ್ಪಂಜಿನಲ್ಲಿ ಈ ಬ್ಯಾಕ್ಟೀರಿಯ ನೆಲೆಯೂರಲು ಸಾಮಾನ್ಯವಾಗಿ 4ರಿಂದ 6 ವಾರ ಬೇಕು. ಹಾಗೆ ನೆಲೆಯೂರಿದ್ದನ್ನೇ ‘ಸೈಕಲ್ ಆಗಿದೆ’ ಅನ್ನುವುದು. ಅಂದರೆ ಇಲ್ಲಿ ಸುತ್ತುವುದಕ್ಕಿಂತ ಹದಕ್ಕೆ ಬರುವುದು ಮುಖ್ಯ. ದೋಸೆ ಕಾವಲಿ ಪಳಗಿದೆ ಅನ್ನುತ್ತೇವಲ್ಲ, ಹಾಗೆ ‘ಪಳಗಿದ ಸ್ಪಂಜು’.

ಮರು:
ಪಳಗಿದ್ದು ಆನೆ. ಸ್ಪಂಜಲ್ಲ. ‘ಮಾಗಿದ’ ಸಾಕು.

ಮರು:
ಮಾಗುವುದು ಹಣ್ಣು. ಮಾಗಿದ ಮೇಲೆ ಕೊಳೆಯುತ್ತದೆ. ನೀರು ಚೊಕ್ಕಟವಾಗಿಡಿ ಎನ್ನುವ ಹಾಳೆಯಲ್ಲಿ ಆ ಪದ ಬೇಕೆ?

ಮರು:
ಎಲ್ಲರೂ ವಿಶೇಷಣಕ್ಕೆ ಜೋತುಬಿದ್ದಿದ್ದೀರಿ. ಮೂಲ ಪದವೇ ತಪ್ಪಾಗಿ ಅಚ್ಚಾಗುತ್ತಿರುವುದು ಯಾರಿಗೂ ಕಾಣಲಿಲ್ಲ. ಅದು ‘ಮರಿ’ ಅಲ್ಲ, ಹಳಗನ್ನಡದ ಱ ಅಕ್ಷರವಿರುವ ‘ಮಱಿ’. ತಮಿಳಿನಲ್ಲಿ ಮಱಿ ಎಂದರೆ ಕುರಿ, ಜಿಂಕೆಗಳ ಕೂಸು. ನಮ್ಮಲ್ಲಿ ಅದೇ ಪದ ಹಾವು, ಹಕ್ಕಿ, ಮೀನಿಗೆಲ್ಲ ಹಬ್ಬಿತು, ಬಾಳೆಯ ಬುಡದಲ್ಲೂ ಮರಿ ಏಳುತ್ತದೆ. ಹಸು, ಎಮ್ಮೆಗಳದ್ದು ಮಾತ್ರ ಕರುವಾಗಿಯೇ ಉಳಿಯಿತು. ಇಂಥ ಪದದ ಗುರುತನ್ನೇ ಅಳಿಸಿ, ಪಕ್ಕದಲ್ಲಿ ‘ಸ್ಪಂಜ್ ಫಿಲ್ಟರ್’ ಎಂಬ ಎರಡು ಎರವಲು ಕೂರಿಸುವುದೆ? ‘ಸೋಸುಕ’ ಎನ್ನಿ.

ಮರು:
ನಾಳೆ ಅಚ್ಚಿಗೆ ಹೋಗುವ ಹಾಳೆಗೆ ಱ ಇರುವ ಅಕ್ಷರ ಹುಡುಕಲು ಹೇಳುತ್ತಿದ್ದೀರಿ! ಎರವಲಿನ ಮಾತಿಗೆ ಬಂದರೆ, ಮೀನ, ನೀರ ಎರಡೂ ಸಂಸ್ಕೃತಕ್ಕೆ ದ್ರಾವಿಡದಿಂದ ಹೋದವು ಎಂದು ವಿದ್ವಾಂಸರು ಹೇಳುತ್ತಲೇ ಬಂದಿದ್ದಾರೆ. ಅವರು ಎರಡನ್ನೂ ಇಟ್ಟುಕೊಂಡು ಹಾಯಾಗಿದ್ದಾರೆ. ನಮಗೆ ಮಾತ್ರ ಫಿಲ್ಟರ್ ಗಂಟಲಲ್ಲಿ ಇಳಿಯುವುದಿಲ್ಲ. ಅಂಗಡಿಗೆ ಹೋಗಿ ಸೋಸುಕ ಕೊಡಿ ಎಂದರೆ ಟೀ ಜಾಲರಿ ಕೊಟ್ಟಾರು.

ಮರು:
ಅಂಗಡಿಯವನು ಕೊಟ್ಟದ್ದೇ ಕನ್ನಡ ಎನ್ನುವುದಾದರೆ ಈ ಬಳಗ ಯಾಕೆ ಬೇಕು?

ಮರು:
ನಾನು ಮರಿ ಸಾಕುವವನು, ಪಂಡಿತನಲ್ಲ. ಸ್ಪಂಜೇ ಬೇಕು, ಜೋರಾಗಿ ಎಳೆಯುವ ಫಿಲ್ಟರ್ ಇಟ್ಟರೆ ಮರಿಗಳೂ ಒಳಗೆ ಹೋಗುತ್ತವೆ. ‘ಪಳಗಿದ’ ಅಂತಲೇ ಹಾಕಿ, ಆದರೆ ಗುರುತೂ ಕೊಡಿ: ನೀರಿನ ಪರೀಕ್ಷೆಯಲ್ಲಿ ಅಮೋನಿಯ, ನೈಟ್ರೈಟ್ ಎರಡೂ ಸೊನ್ನೆ ಬಂದು ನೈಟ್ರೇಟ್ ಮಾತ್ರ ಕಾಣಬೇಕು. ಪದ ಯಾವುದಾದರೂ ಆಗಲಿ, ಇದಿಲ್ಲದಿದ್ದರೆ ಮರಿ ಉಳಿಯುವುದಿಲ್ಲ. ಇನ್ನೊಂದು, ನಿಮ್ಮ ಕರಡಿನಲ್ಲಿ ‘ಸ್ಪಂಜನ್ನು ಚೆನ್ನಾಗಿ ತೊಳೆಯಿರಿ’ ಅಂತೇನಾದರೂ ಇದ್ದರೆ ದಯವಿಟ್ಟು ತೆಗೆಯಿರಿ. ನಲ್ಲಿ ನೀರಿನ ಕ್ಲೋರಿನ್‌ಗೆ ಬ್ಯಾಕ್ಟೀರಿಯ ಸಾಯುತ್ತದೆ. ತೊಟ್ಟಿಯಿಂದ ತೆಗೆದ ನೀರಿನಲ್ಲೇ ಅದ್ದಿ ಹಿಂಡಬೇಕು.

ಮರು:
‘ತೊಳೆಯಿರಿ’ ಇತ್ತು, ‘ಹಿಂಡಿ’ ಮಾಡಿದೆ. ಈಗ ಹೋಗುತ್ತಿರುವುದು: ‘ಪಳಗಿದ (ಬ್ಯಾಕ್ಟೀರಿಯ ನೆಲೆಸಿದ) ಸ್ಪಂಜ್ ಫಿಲ್ಟರ್ ಇಲ್ಲದ ತೊಟ್ಟಿಗೆ ಮರಿ ಬಿಡಬೇಡಿ.’ ಸೊನ್ನೆಯ ಮಾತು ಅದರ ಕೆಳಗಿನ ಸಾಲಿಗೆ. ಱ ಕುರಿತು ಬೇರೆ ಓಲೆ ಶುರುಮಾಡಿಕೊಳ್ಳಿ.