ಸ್ವಂತವಾಗಿ ಕಟ್ಟಿಕೊಂಡ ಲಿನಕ್ಸ್ ಪ್ಲೇಯರ್‌ನಲ್ಲಿ ಕನ್ನಡ ಸಬ್‌ಟೈಟಲ್ ಬರೀ ಚೌಕಗಳಾಗಿ ಕಾಣುತ್ತಿದೆ

ಪ್ರಶ್ನೆ (ದಾವಣಗೆರೆಯಿಂದ)

ಎಲ್ಲರಿಗೂ ನಮಸ್ಕಾರ. ನಮ್ಮ ತಂದೆಯವರು ಇಲ್ಲಿನ ಹತ್ತಿ ಗಿರಣಿಯೊಂದರ ಮಗ್ಗದ ವಿಭಾಗದಲ್ಲಿ ಬಹಳ ವರ್ಷ ದುಡಿದವರು. ಆ ಸದ್ದಿನಲ್ಲಿ ಅವರ ಕಿವಿ ಮಂದವಾಗಿದ್ದು, ಈಗ ಟಿವಿಯ ಮಾತು ಅವರಿಗೆ ಸರಿಯಾಗಿ ಕೇಳಿಸುವುದಿಲ್ಲ. ಮನೆಯ ಮದುವೆ, ಜಾತ್ರೆ, ನಾಟಕಗಳ ಹಳೆಯ ವಿಡಿಯೊಗಳಿಗೆ ನಾನೂ ನನ್ನ ಅಣ್ಣನೂ ಕನ್ನಡದಲ್ಲಿ ಸಬ್‌ಟೈಟಲ್ ಬರೆದಿದ್ದೇವೆ.

ಇವನ್ನು ತೋರಿಸುವುದಕ್ಕೆಂದೇ 2 ಜಿಬಿ ಮೆಮೊರಿಯ ಹಳೆಯ ಇಂಟೆಲ್ ಪೆಟ್ಟಿಗೆಯೊಂದಕ್ಕೆ, ಬೇಕಾದ ಭಾಗಗಳನ್ನಷ್ಟೇ ಆರಿಸಿ ಲಿನಕ್ಸ್ ಕಟ್ಟಿಕೊಡುವ ಬಿಲ್ಡ್‌ರೂಟ್ ಬಳಸಿ ಪುಟ್ಟ ಲಿನಕ್ಸ್ ವ್ಯವಸ್ಥೆಯನ್ನು ಕಟ್ಟಿದ್ದೇನೆ. ಕರ್ನಲ್, ಮೂಲ ಆದೇಶಗಳಿಗೆ ಬ್ಯುಸಿಬಾಕ್ಸ್, ಧ್ವನಿಗೆ ಆಲ್ಸಾ, ವಿಡಿಯೊ ತೋರಿಸಲು ಎಂಪಿವಿ ಎಂಬ ಪ್ಲೇಯರ್ ಬಿಟ್ಟರೆ ಹೆಚ್ಚೇನೂ ಅದರಲ್ಲಿಲ್ಲ. ಕರೆಂಟ್ ಯಾವಾಗ ಹೋಗುತ್ತದೆಂದು ಹೇಳಲಾಗದ ಕಾರಣ, ಮೂಲ ಫೈಲ್ ಸಿಸ್ಟಮ್ ಅನ್ನು ಓದಲು ಮಾತ್ರ ಬರುವ ಸ್ಕ್ವಾಷ್‌ಎಫ್‌ಎಸ್ ಆಗಿ ಇಟ್ಟಿದ್ದೇನೆ. ಚಿತ್ರವೂ ಧ್ವನಿಯೂ ಚೆನ್ನಾಗಿ ಬರುತ್ತಿವೆ. ಆದರೆ ಸಬ್‌ಟೈಟಲ್ ಇರಬೇಕಾದ ಜಾಗದಲ್ಲಿ ಸಾಲಾಗಿ ಖಾಲಿ ಚೌಕಗಳು ಮಾತ್ರ ಕಾಣುತ್ತವೆ. ಇಂಗ್ಲಿಷ್ ಸಬ್‌ಟೈಟಲ್‌ಗೆ ತೊಂದರೆಯಿಲ್ಲ. ಫಾಂಟ್‌ಗಳ ಪೈಕಿ ಡೇಜಾವು ಒಂದನ್ನು ಆರಿಸಿಕೊಂಡಿದ್ದೆ. ಎಲ್ಲಿ ತಪ್ಪಿದೆ?

ಉತ್ತರ (ಚಿತ್ರದುರ್ಗದಿಂದ)

ಚೌಕ ಕಾಣುತ್ತಿದೆ ಎಂದರೆ ಅರ್ಧ ಕೆಲಸ ಸರಿಯಾಗಿದೆ ಎಂದೇ ತಿಳಿಯಿರಿ. ಫೈಲಿನಲ್ಲಿರುವುದು ಕನ್ನಡ ಅಕ್ಷರ ಎಂಬುದು ಪ್ಲೇಯರ್‌ಗೆ ಗೊತ್ತಾಗಿದೆ, ಅದನ್ನು ಬರೆದು ತೋರಿಸುವ ಆಕಾರ ಮಾತ್ರ ಅದರ ಬಳಿ ಇಲ್ಲ. ಡೇಜಾವು ಫಾಂಟ್‌ನಲ್ಲಿ ಲ್ಯಾಟಿನ್, ಗ್ರೀಕ್, ಸಿರಿಲಿಕ್ ಲಿಪಿಗಳಿವೆ, ಕನ್ನಡವಿಲ್ಲ. ಉಬುಂಟು, ಫೆಡೋರಾದಂಥ ದೊಡ್ಡ ವಿತರಣೆಗಳು ಭಾರತೀಯ ಭಾಷೆಗಳ ಫಾಂಟ್‌ಗಳನ್ನು ತಾವಾಗಿಯೇ ತಂದು ಹಾಕುವುದರಿಂದ ಈ ಕೊರತೆ ನಮ್ಮ ಗಮನಕ್ಕೆ ಬರುವುದೇ ಇಲ್ಲ. ನಾವೇ ಕಟ್ಟಿದಾಗ ನಾವೇ ತರಬೇಕು.

ಲೋಹಿತ್ ಕನ್ನಡ ಅಥವಾ ನೋಟೊ ಸ್ಯಾನ್ಸ್ ಕನ್ನಡ, ಎರಡರಲ್ಲಿ ಒಂದನ್ನು ತೆಗೆದುಕೊಳ್ಳಿ. ಬಿಲ್ಡ್‌ರೂಟ್‌ನಲ್ಲಿ ನಮ್ಮದೇ ಫೈಲುಗಳನ್ನು ಸೇರಿಸಲು ಇರುವ ಓವರ್‌ಲೇ ಫೋಲ್ಡರಿನೊಳಗೆ ಯುಎಸ್ಆರ್, ಶೇರ್, ಫಾಂಟ್ಸ್ ಎಂಬ ದಾರಿಯಲ್ಲಿ ಅದನ್ನಿಟ್ಟು, ಇಮೇಜನ್ನು (ಇಡೀ ವ್ಯವಸ್ಥೆಯ ಫೈಲನ್ನು) ಮತ್ತೆ ಕಟ್ಟಿ. ಆಮೇಲೆ ಪೆಟ್ಟಿಗೆಯಲ್ಲಿ, ಇರುವ ಫಾಂಟ್‌ಗಳ ಪಟ್ಟಿ ತೋರಿಸುವ ಎಫ್‌ಸಿ-ಲಿಸ್ಟ್ ಆದೇಶವನ್ನು ಕೊಟ್ಟಾಗ ಆ ಫಾಂಟ್‌ನ ಹೆಸರು ಬಂದರೆ, ಎಂಪಿವಿ ಅದನ್ನು ಹುಡುಕಿಕೊಳ್ಳುತ್ತದೆ.

ಪ್ರಶ್ನೆ ಕೇಳಿದವರು

ಬಹಳ ಉಪಕಾರವಾಯಿತು, ಚೌಕಗಳು ಹೋದವು. ಮುಂದೆ ಬೇಕಾಗಬಹುದೆಂದು ನೋಟೊ ಫಾಂಟ್‌ಗಳ ಇಡೀ ಸಂಗ್ರಹವನ್ನೇ ಹಾಕಿದೆ. ಈಗ ಎರಡು ಹೊಸ ತೊಂದರೆಗಳಿವೆ. ಮೊದಲನೆಯದಾಗಿ, ಸಬ್‌ಟೈಟಲ್ ಇರುವ ಯಾವ ವಿಡಿಯೊ ಹಾಕಿದರೂ ಶುರುವಾಗಲು ಪ್ರತಿ ಸಲವೂ ಬಹಳ ಹೊತ್ತು ಹಿಡಿಯುತ್ತಿದೆ. ಎರಡನೆಯದಾಗಿ, ಒತ್ತಕ್ಷರಗಳು ಕೂಡಿಕೊಳ್ಳುತ್ತಿಲ್ಲ. 'ಅಪ್ಪ' ಎಂದು ಬರೆದದ್ದು 'ಅಪ್‌ಪ' ಎಂದು ಕಾಣುತ್ತದೆ, ಗುಣಿತದ ಚಿಹ್ನೆಗಳು ಅಕ್ಷರದಿಂದ ಬಿಡಿಯಾಗಿ ಪಕ್ಕದಲ್ಲಿ ನಿಲ್ಲುತ್ತವೆ. ತಂದೆಯವರು ಎರಡು ಸಾಲು ಓದಿ ಕಣ್ಣು ನೋಯುತ್ತದೆಂದು ಎದ್ದುಹೋದರು.

ಉತ್ತರ (ಚಿತ್ರದುರ್ಗದಿಂದ)

ಎರಡಕ್ಕೂ ಕಾರಣ ಬೇರೆ ಬೇರೆ.

ತಡವಾಗುವುದಕ್ಕೆ ಕಾರಣ ನಿಮ್ಮ ಸ್ಕ್ವಾಷ್‌ಎಫ್‌ಎಸ್ ಮತ್ತು ಆ ದೊಡ್ಡ ಸಂಗ್ರಹ. ಫಾಂಟ್ ಹುಡುಕಿಕೊಡುವ ಲೈಬ್ರರಿಯಾದ ಫಾಂಟ್‌ಕಾನ್ಫಿಗ್ ಒಂದು ಸಲ ಎಲ್ಲ ಫಾಂಟ್‌ಗಳನ್ನು ತೆರೆದು ನೋಡಿ ಅದರ ಪಟ್ಟಿಯನ್ನು ಕ್ಯಾಷ್ ಆಗಿ ಬರೆದಿಡುತ್ತದೆ, ಮುಂದಿನ ಸಲ ಆ ಪಟ್ಟಿಯನ್ನಷ್ಟೇ ಓದುತ್ತದೆ. ನಿಮ್ಮಲ್ಲಿ ಬರೆಯಲು ಜಾಗವೇ ಇಲ್ಲದ್ದರಿಂದ ಪ್ರತಿ ಸಲವೂ ನೂರಾರು ಫೈಲುಗಳನ್ನು ಹೊಸದಾಗಿ ತೆರೆದು ನೋಡುತ್ತಿದೆ. ಇಮೇಜ್ ಕಟ್ಟುವಾಗಲೇ ಕ್ಯಾಷ್ ಸಿದ್ಧಪಡಿಸಿ ಸೇರಿಸುವ ದಾರಿಯೂ ಇದೆ. ಆದರೆ ಫೋಲ್ಡರಿನ ಸಮಯಮುದ್ರೆ (ಅದು ಕೊನೆಯ ಸಲ ಬದಲಾದ ಸಮಯ) ಹೊಂದದಿದ್ದರೆ ಆ ಕ್ಯಾಷ್ ಕೆಲಸಕ್ಕೆ ಬರುವುದಿಲ್ಲವಾದ್ದರಿಂದ ನಾನು ಅದನ್ನು ಸೂಚಿಸುವುದಿಲ್ಲ. ಕನ್ನಡದ್ದೊಂದು, ಇಂಗ್ಲಿಷಿನದ್ದೊಂದು ಫಾಂಟ್ ಉಳಿಸಿಕೊಂಡು ಮಿಕ್ಕದ್ದನ್ನು ತೆಗೆದುಬಿಡಿ. ಎರಡು ಫೈಲುಗಳನ್ನು ನೋಡಲು ಹೊತ್ತೇ ಬೇಕಾಗುವುದಿಲ್ಲ.

ಇನ್ನು ಒತ್ತಕ್ಷರದ ವಿಷಯ. ಎಲ್ಲ ಭಾಷೆಗಳ ಅಕ್ಷರಕ್ಕೂ ಸಂಕೇತ ಕೊಡುವ ಯುನಿಕೋಡ್‌ನಲ್ಲಿ 'ಅಪ್ಪ' ಎಂಬುದು ಅ, ಪ, ಸ್ವರ ಕಳೆಯುವ ಹಲಂತ ಚಿಹ್ನೆ, ಪ ಎಂಬ ನಾಲ್ಕು ಸಂಕೇತಗಳಾಗಿ ಉಳಿದಿರುತ್ತದೆ. ಎರಡನೆಯ ಪಕಾರವನ್ನು ಒತ್ತಾಗಿಸಿ ಕೆಳಗೆ ಕೂರಿಸುವುದು ಹಾರ್ಫ್‌ಬಜ್ ಎಂಬ ಲೈಬ್ರರಿ. ಎಂಪಿವಿ ತನ್ನ ಸಬ್‌ಟೈಟಲನ್ನು ಲಿಬಾಸ್ ಎಂಬ ಇನ್ನೊಂದು ಲೈಬ್ರರಿಯ ಮೂಲಕ ಬರೆಯುತ್ತದೆ, ಲಿಬಾಸ್ ಈ ಜೋಡಣೆಯ ಕೆಲಸವನ್ನು ಹಾರ್ಫ್‌ಬಜ್‌ಗೆ ಒಪ್ಪಿಸುತ್ತದೆ. ನಿಮ್ಮ ಎಂಪಿವಿಯ ಸಂರಚನಾ ಫೈಲಿನಲ್ಲಿ ಶೇಪರ್ ಎಂಬ ಪದವಿರುವ ಸಾಲೇನಾದರೂ ಇದೆಯೇ ನೋಡಿ. ಅದರ ಮುಂದೆ 'ಸಿಂಪಲ್' ಎಂದಿದ್ದರೆ ಹಾರ್ಫ್‌ಬಜ್ ಅನ್ನು ಬದಿಗಿಟ್ಟು ಅಕ್ಷರಗಳನ್ನು ಬಿಡಿಬಿಡಿಯಾಗಿ ಜೋಡಿಸುತ್ತದೆ. ಇಂಗ್ಲಿಷಿಗೆ ಅಷ್ಟು ಸಾಕು, ಕನ್ನಡಕ್ಕೆ ಸಾಲದು.

ಪ್ರಶ್ನೆ ಕೇಳಿದವರು

ಆ ಸಾಲು ಇತ್ತು. ಹಳೆಯ ಯಂತ್ರಕ್ಕೆ ಹೊರೆ ಕಡಿಮೆಯಾಗುತ್ತದೆಂದು ಎಲ್ಲೋ ಓದಿ ನಾನೇ ಸೇರಿಸಿದ್ದೆ. ತೆಗೆದ ಕೂಡಲೇ ಒತ್ತುಗಳು ತಮ್ಮ ಜಾಗಕ್ಕೆ ಬಂದವು, ಮಿಕ್ಕ ಫಾಂಟ್‌ಗಳನ್ನು ತೆಗೆದ ಮೇಲೆ ವಿಡಿಯೊ ಕೂಡ ಬೇಗ ಶುರುವಾಗುತ್ತಿದೆ. ಆದರೆ ಅಣ್ಣ ಹಿಂದೆ ಬರೆದಿಟ್ಟಿದ್ದ ಸಬ್‌ಟೈಟಲ್‌ಗಳಲ್ಲಿ ಮಾತ್ರ ತಲೆಯ ಮೇಲೆ ಚುಕ್ಕೆ, ಗೆರೆ ಇರುವ ಇಂಗ್ಲಿಷಿನಂಥ ಅಕ್ಷರಗಳು ಬರುತ್ತಿವೆ. ಎನ್‌ಕೋಡಿಂಗ್ (ಬೈಟ್‌ಗಳನ್ನು ಅಕ್ಷರವಾಗಿ ಓದುವ ಪದ್ಧತಿ) ಬದಲಾಯಿಸಿ ನೋಡಿದರೂ ಸರಿಹೋಗಲಿಲ್ಲ.

ಉತ್ತರ (ಚಿತ್ರದುರ್ಗದಿಂದ)

ನಿಮ್ಮ ಅಣ್ಣ ಕನ್ನಡ ಟೈಪಿಂಗ್‌ಗೆ ಬಳಸುವ ನುಡಿ ತಂತ್ರಾಂಶದ ಹಳೆಯ ಫಾಂಟ್‌ನಲ್ಲಿ ಟೈಪ್ ಮಾಡಿರಬೇಕು. ಆ ಫಾಂಟ್‌ಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲೇ ಕನ್ನಡದ ಆಕಾರಗಳನ್ನು ಇರಿಸಿಕೊಂಡಿದ್ದವು. ಖಚಿತಪಡಿಸಿಕೊಳ್ಳಲು ಫೈಲಿನ ಬೈಟ್‌ಗಳನ್ನು ಹಾಗೆಯೇ ತೋರಿಸುವ ಬ್ಯುಸಿಬಾಕ್ಸ್‌ನ ಹೆಕ್ಸ್‌ಡಂಪ್‌ನಲ್ಲಿ ಫೈಲನ್ನು ತೆರೆಯಿರಿ. ಯುನಿಕೋಡನ್ನು ಫೈಲಿನಲ್ಲಿ ಬರೆಯುವ ಪದ್ಧತಿಯಾದ ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟ್‌ಗಳು ಬೇಕು, ಅದರಲ್ಲಿ ಮೊದಲನೆಯದು ಯಾವಾಗಲೂ ಇಂಗ್ಲಿಷಿನ 'ಇ' ಅಕ್ಷರ, ಅದರ ನಂತರ ಸೊನ್ನೆ ಇರುವಂಥದ್ದು (e0). ಸಂಭಾಷಣೆಯ ಸಾಲಿನಲ್ಲಿ ಅದು ಕಾಣದಿದ್ದರೆ ಅಲ್ಲಿ ಯುನಿಕೋಡ್ ಕನ್ನಡ ಇಲ್ಲವೆಂದೇ ಅರ್ಥ.

ಇದು ಎನ್‌ಕೋಡಿಂಗ್ ಬದಲಿಸಿದರೆ ಸರಿಹೋಗುವಂಥದ್ದಲ್ಲ. ನುಡಿಯಿಂದ ಯುನಿಕೋಡ್‌ಗೆ ತರುವ ಪರಿವರ್ತಕವನ್ನು ದೊಡ್ಡ ಕಂಪ್ಯೂಟರಿನಲ್ಲಿ ನಡೆಸಿ, ಬಂದ ಫೈಲನ್ನು ಪೆಟ್ಟಿಗೆಗೆ ಹಾಕಿ. ಪರಿವರ್ತನೆಯ ನಂತರ ಎರಡನ್ನು ಕಣ್ಣಿಟ್ಟು ನೋಡಬೇಕು. ಹಳೆಯ ಪದ್ಧತಿಯಲ್ಲಿ ಅರ್ಕಾವತ್ತು ಅಕ್ಷರದ ನಂತರ ಬರುತ್ತಿತ್ತು, ಯುನಿಕೋಡ್‌ನಲ್ಲಿ ರಕಾರ ಮೊದಲು ಬರುತ್ತದೆ. ಹಾಗಾಗಿ 'ಕಾರ್ಖಾನೆ', 'ಸೂರ್ಯ' ಮುಂತಾದ ಪದಗಳು ಕೆಟ್ಟಿಲ್ಲವೆಂದು ಪರೀಕ್ಷಿಸಿ. ಜೊತೆಗೆ ಸಮಯದ ಸಾಲಿನ ಅಂಕಿಗಳು ಕನ್ನಡ ಅಂಕಿಗಳಾಗಿ ಬದಲಾಗಿದ್ದರೆ ಪ್ಲೇಯರ್ ಅವನ್ನು ಸಮಯವೆಂದು ಓದುವುದಿಲ್ಲ. ಆದ್ದರಿಂದ ಸಂಭಾಷಣೆಯನ್ನಷ್ಟೇ ಪರಿವರ್ತಿಸಿ, ಸಮಯದ ಸಾಲುಗಳನ್ನು ಇದ್ದಂತೆಯೇ ಬಿಡುವುದು ಒಳ್ಳೆಯದು.

ಪ್ರಶ್ನೆ ಕೇಳಿದವರು

ಹಾಗೆಯೇ ಮಾಡಿದೆ. ಒಂದು ಫೈಲಿನಲ್ಲಿ ನಾಲ್ಕು ಕಡೆ ಅರ್ಕಾವತ್ತು ಕೆಟ್ಟಿತ್ತು, ಕೈಯಿಂದ ತಿದ್ದಿದೆ. ಅಕ್ಷರದ ಗಾತ್ರವನ್ನು 60ಕ್ಕೆ ಏರಿಸಿ, ಹಿಂದೆ ಕಪ್ಪು ಪಟ್ಟಿ ಕೊಟ್ಟಿದ್ದೇನೆ. ನಿನ್ನೆ ತಂದೆಯವರು ಅಕ್ಕನ ಮದುವೆಯ ವಿಡಿಯೊವನ್ನು ಪೂರ್ತಿ ನೋಡಿದರು. ಅಕ್ಷರ ಚೆನ್ನಾಗಿದೆ, ಆದರೆ ಓದಿ ಮುಗಿಸುವ ಮೊದಲೇ ಸಾಲು ಹೋಗಿಬಿಡುತ್ತದೆ ಎಂದರು. ಅದಕ್ಕಾಗಿ, ಮುಂದಿನ ಮಾತು ಶುರುವಾಗದ ಕಡೆಗಳಲ್ಲೆಲ್ಲ ಪ್ರತಿ ಸಾಲಿನ ಕೊನೆಯ ಸಮಯವನ್ನು 2 ಸೆಕೆಂಡ್ ಮುಂದಕ್ಕೆ ಹಾಕುತ್ತಿದ್ದೇನೆ.