ನಿನ್ನೆ ರಾತ್ರಿ ಕಾಲುವೆ ಮುಚ್ಚಿದ್ದಾರೆ, ಇನ್ನೂ ಸುಮ್ಮನಿರಬೇಕೇ?

ಕೊನೆಯ ಗದ್ದೆಮನೆ, ಬೆಳಿಗ್ಗೆ 5:50
ಯಾರಿಗಾದರೂ ಬೇಸರವಾದರೆ ಆಗಲಿ, ಇವತ್ತು ಬರೆದೇ ತೀರುತ್ತೇನೆ. ನಿನ್ನೆ ರಾತ್ರಿ ಹನ್ನೊಂದರ ಮೇಲೆ ಹೆದ್ದಾರಿ ಕೆಲಸದವರು ಜೆಸಿಬಿ ತಂದು ಮೂಲೆಗದ್ದೆಯಲ್ಲಿ ಕೆಂಪು ಬಣ್ಣ ಬಳಿದ ಕಲ್ಲು ನೆಟ್ಟಿದ್ದಾರೆ. ಯಂತ್ರ ದಾಟಿಸಲೆಂದು ತೂಬಿನಿಂದ ಬರುವ ಕಾಲುವೆಗೆ ಮಣ್ಣು ತುಂಬಿ, ಅದನ್ನು ಹಾಗೆಯೇ ಬಿಟ್ಟು ಹೋಗಿದ್ದಾರೆ. ಎರಡು ಗಂಟೆಗೆ ಮಳೆ ಹಿಡಿಯಿತು. ದಾರಿ ತಪ್ಪಿದ ನೀರು ಸಸಿಮಡಿಗೆ ನುಗ್ಗಿ, ಮೊನ್ನೆಯಷ್ಟೇ ಚೆಲ್ಲಿದ್ದ ಮೊಳಕೆ ಬೀಜವೆಲ್ಲ ಬದುವಿನ ಮೂಲೆಯಲ್ಲಿ ಕೆಸರಿನ ಜೊತೆ ರಾಶಿ ಬಿದ್ದಿದೆ. ಬೊಗಸೆಯಲ್ಲಿ ಎತ್ತಿದರೆ ಬಿಳಿ ಬೇರು ಬಿಟ್ಟ ಭತ್ತ ಬೆರಳ ಸಂದಿಯಿಂದ ಜಾರುತ್ತಿದೆ. ಹೆದ್ದಾರಿಗೆ ನಮ್ಮ ಜಮೀನು ಬೇಕೆಂದು ಪತ್ರಿಕೆಯಲ್ಲಿ ಪ್ರಕಟಣೆ ಬಂದ ದಿನ ನಮ್ಮ ಬಡಾವಣೆಯ ಈ ಗುಂಪಿನಲ್ಲಿ ಎಲ್ಲರೂ ಜೊತೆಗಿದ್ದೇವೆ ಎಂದು ಬರೆದಿರಿ. ನಿನ್ನೆ ಅಷ್ಟು ಸದ್ದಾದಾಗ ಮೂರನೇ ಅಡ್ಡರಸ್ತೆಯ ಒಂದು ಮನೆಯಲ್ಲೂ ದೀಪ ಹೊತ್ತಲಿಲ್ಲ.

ಮಾಜಿ ಅಧ್ಯಕ್ಷರು, 6:15
ತಂಗೀ, ನಿನ್ನ ಸಿಟ್ಟು ನ್ಯಾಯವಾದದ್ದೇ. ಆದರೆ ಹೊರಗಿನವರನ್ನು ಬೈಯುವ ಮೊದಲು ನಮ್ಮೊಳಗಿನವರನ್ನು ಕೇಳಬೇಕು. ಕಳೆದ ತಿಂಗಳು ಅಳತೆಗೆ ಬಂದವರಿಗೆ ಗಡಿ ತೋರಿಸಿ, ಜಗಲಿಯಲ್ಲಿ ಕೂರಿಸಿ ಕಾಫಿ ಕೊಟ್ಟವರು ಯಾರೆಂದು ಎಲ್ಲರಿಗೂ ಗೊತ್ತಿದೆ. ಅವರು ಮೊದಲು ಉತ್ತರ ಕೊಡಲಿ. ಇವತ್ತೇ ಮುಖ್ಯರಸ್ತೆಯಲ್ಲಿ ಕುಳಿತು ಎರಡು ಗಂಟೆ ವಾಹನ ತಡೆದರೆ ಅಧಿಕಾರಿಗಳು ತಾವಾಗಿಯೇ ಓಡಿ ಬರುತ್ತಾರೆ.

ನಿವೃತ್ತ ಸರ್ವೆಯರ್, 6:40
ಅಧ್ಯಕ್ಷರೇ, ರಸ್ತೆ ತಡೆಯುವುದಕ್ಕಿಂತ ಮೊದಲು ಮಾಡಬೇಕಾದ ಕೆಲಸವಿದೆ, ಅದಕ್ಕೆ ಗಡುವೂ ಇದೆ. 1956ರ ರಾಷ್ಟ್ರೀಯ ಹೆದ್ದಾರಿ ಕಾಯ್ದೆಯ 3ಎ ಅಧಿಸೂಚನೆ, ಅಂದರೆ ಜಮೀನು ಸ್ವಾಧೀನ ಮಾಡುವ ಉದ್ದೇಶವನ್ನು ತಿಳಿಸುವ ಪ್ರಕಟಣೆ, ಕೇಂದ್ರ ಸರ್ಕಾರದ ಗೆಜೆಟ್‌ನಲ್ಲಿ ಪ್ರಕಟವಾದ ದಿನದಿಂದ 21 ದಿನಗಳೊಳಗೆ, ಜಮೀನಿನಲ್ಲಿ ಹಿತಾಸಕ್ತಿಯುಳ್ಳವರು ಸಕ್ಷಮ ಪ್ರಾಧಿಕಾರಿಗೆ (ಸ್ವಾಧೀನಕ್ಕೆಂದು ನೇಮಿಸಿದ ಅಧಿಕಾರಿಗೆ) ಕಾರಣ ಸಹಿತ ಲಿಖಿತ ಆಕ್ಷೇಪಣೆ ಕೊಡಬೇಕು. ಕೊಟ್ಟವರು ಖುದ್ದಾಗಿ ಅಥವಾ ವಕೀಲರ ಮೂಲಕ ಹೇಳುವ ಅಹವಾಲನ್ನು ಆ ಅಧಿಕಾರಿ ಕೇಳಲೇಬೇಕು. ಕೊಡದೆ ಉಳಿದರೆ ಮುಂದಿನದು 3ಡಿ ಘೋಷಣೆ. ಅದು ಪ್ರಕಟವಾದ ಕ್ಷಣದಿಂದ ಜಮೀನು ಕೇಂದ್ರ ಸರ್ಕಾರದ್ದಾಗುತ್ತದೆ, ಆಮೇಲೆ ನಮಗೆ ಉಳಿಯುವುದು ಹಣದ ಲೆಕ್ಕವೊಂದೇ. ನಮ್ಮ ಗಡುವು ಬರುವ ಶುಕ್ರವಾರ ಮುಗಿಯುತ್ತದೆ.

ಅಳತೆಯ ವಿಷಯಕ್ಕೆ ಬಂದರೆ, ಅಧಿಸೂಚನೆಯ ನಂತರ ಜಮೀನಿಗೆ ಇಳಿದು ಅಳೆಯಲು, ಗುರುತು ಹಾಕಲು, ಮಣ್ಣು ಪರೀಕ್ಷೆಗೆ ಅಗೆಯಲು 3ಬಿ ಅನುಮತಿ ಕೊಡುತ್ತದೆ. ಆದ್ದರಿಂದ ಗಡಿ ತೋರಿಸಿದವರನ್ನು ದ್ರೋಹಿಗಳೆನ್ನುವುದು ತಪ್ಪು. ಅವರು ತೋರಿಸದಿದ್ದರೆ ಕಲ್ಲು ಇನ್ನೆಲ್ಲೋ ಬೀಳುತ್ತಿತ್ತು, ಅಷ್ಟೆ. ಆದರೆ ನೀರು ಹರಿಯುವ ಕಾಲುವೆಗೆ ಮಣ್ಣು ತುಂಬುವ ಅಧಿಕಾರವನ್ನು 3ಬಿ ಯಾರಿಗೂ ಕೊಟ್ಟಿಲ್ಲ. ಅಕ್ಕಾ, ಬದುವಿನ ಮೇಲಿನ ಚಕ್ರದ ಗುರುತು ಮಳೆಗೆ ಅಳಿಸಿಹೋಗುವ ಮೊದಲು ಫೋಟೋ ತೆಗೆದಿಡಿ.

ಔಷಧಿ ಅಂಗಡಿ, 7:05
ನನ್ನ ಮಾತು ಕೆಲವರಿಗೆ ಹಿಡಿಸದೆ ಇರಬಹುದು. ನಮ್ಮ ಕೊಡಗು ಜಿಲ್ಲೆಯಲ್ಲಿ ದೊಡ್ಡ ಕಾಯಿಲೆಗೆ ಚಿಕಿತ್ಸೆ ಬೇಕೆಂದರೆ ಇವತ್ತಿಗೂ ಮೈಸೂರಿಗೋ ಮಂಗಳೂರಿಗೋ ಓಡಬೇಕು. ಎದೆನೋವೆಂದು ಕಾರಿನಲ್ಲಿ ಮಲಗಿಸಿಕೊಂಡು ಹೊರಟವರು ಪಿರಿಯಾಪಟ್ಟಣ ದಾಟುವಷ್ಟರಲ್ಲಿ ಕೈಚೆಲ್ಲಿದ್ದನ್ನು ನಾನು ಕಂಡಿದ್ದೇನೆ. ಮೈಸೂರು–ಕುಶಾಲನಗರ ನಡುವಿನ ಸುಮಾರು 92 ಕಿಲೋಮೀಟರ್ ಚತುಷ್ಪಥಕ್ಕೆ 2023ರ ಮಾರ್ಚ್ 12ರಂದು ಮಂಡ್ಯದಲ್ಲಿ ಪ್ರಧಾನಿ ಶಂಕುಸ್ಥಾಪನೆ ಮಾಡಿದಾಗ ಈ ಗುಂಪಿನಲ್ಲಿ ಸಂತೋಷ ಪಟ್ಟವರು ನಾನೊಬ್ಬನೇ ಅಲ್ಲ. ರಸ್ತೆ ಬರಲಿ, ಆದರೆ ಜಮೀನು ಬಿಟ್ಟುಕೊಟ್ಟವರಿಗೆ ನ್ಯಾಯವಾದ ಬೆಲೆ ಸಿಗಲಿ ಎನ್ನುವುದು ನನ್ನ ನಿಲುವು.

ಮೇಲಿನ ತೋಟದ ಮನೆ, 7:30
ಬೆಲೆಯೊಂದೇ ಪ್ರಶ್ನೆಯಲ್ಲ ಅಣ್ಣ. ಗುರುತು ಹಾಕಿದ ಗೆರೆ ನಮ್ಮ ತೋಟದ ನಡುವೆಯೇ ಹೋಗಿದೆ. ಮನೆ, ಕಣ, ಪಂಪ್‌ಸೆಟ್ ಈ ಬದಿಗೆ ಉಳಿದರೆ ಅರ್ಧ ರೊಬಸ್ಟಾ ಕಾಫಿ ಆ ಬದಿಗೆ ಸೇರುತ್ತದೆ. ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯಪಥದಲ್ಲಿ 2023ರ ಆಗಸ್ಟ್ 1ರಿಂದ ಬೈಕ್, ಆಟೋ, ಟ್ರ್ಯಾಕ್ಟರ್ ಓಡಿಸುವುದನ್ನೇ ನಿಷೇಧಿಸಿದ್ದಾರೆ. ಇಲ್ಲೂ ಹಾಗೆಯೇ ಬೇಲಿ ಬಿಗಿದರೆ, ಕೊಯ್ಲಿನ ಕಾಲದಲ್ಲಿ ಹಣ್ಣು ತುಂಬಿದ ಮೂಟೆಯನ್ನು ಕಣ್ಣೆದುರಿನ ಕಣಕ್ಕೆ ತರಲು ಎಲ್ಲೋ ಇರುವ ಕೆಳಸೇತುವೆ ಹುಡುಕಿಕೊಂಡು ಹೋಗಬೇಕು. ಸಿಲ್ವರ್ ಓಕ್‌ಗೆ ಹಬ್ಬಿಸಿದ ಕರಿಮೆಣಸಿನ ಬಳ್ಳಿಯನ್ನು ಕಿತ್ತು ಇನ್ನೊಂದೆಡೆ ನೆಟ್ಟರೆ ಮರುವರ್ಷವೇ ಫಸಲು ಬರುವುದಿಲ್ಲ. ಆ ನಡುವಿನ ವರ್ಷಗಳಲ್ಲಿ ಆಳಿನ ಸಂಬಳ ಕೊಡುವವರು ಯಾರು?

ನಿವೃತ್ತ ಸರ್ವೆಯರ್, 7:45
ಇದನ್ನೇ ಬರೆದು ಕೊಡಬೇಕು. ಜಮೀನು ತುಂಡಾಗಿ ಉಳಿದ ಭಾಗಕ್ಕೆ ಆಗುವ ನಷ್ಟವನ್ನೂ, ಗಳಿಕೆಗೆ ಬೀಳುವ ಹೊಡೆತವನ್ನೂ ಪರಿಹಾರದಲ್ಲಿ ಲೆಕ್ಕ ಹಾಕಬೇಕೆಂದು 3ಜಿಯಲ್ಲಿ ಸ್ಪಷ್ಟವಾಗಿಯೇ ಇದೆ. ಆ ಹಂತ ಬಂದಾಗ ಹಕ್ಕುಸಾಧನೆ ಸಲ್ಲಿಸಿ ಕೇಳದಿದ್ದರೆ ಎಕರೆಯ ದರ ಬರೆದು ಕಡತ ಮುಚ್ಚುತ್ತಾರೆ. ಈಗ ಆಕ್ಷೇಪಣೆಯಲ್ಲಿ ಗೆರೆಯನ್ನು ತೋಟದ ಅಂಚಿಗೆ ಸರಿಸಲು ಕೇಳಿ, ಅದು ಆಗದಿದ್ದರೆ ಕೆಳಸೇತುವೆ ಎಲ್ಲಿ ಬೇಕೆಂದು ಜಾಗ ಸೂಚಿಸಿ.

2ನೇ ಅಡ್ಡರಸ್ತೆ, 8:10
ಬಂದ ಸಂದೇಶವನ್ನು ಹಾಗೆಯೇ ಕಳುಹಿಸುತ್ತಿದ್ದೇನೆ: "ರೈತ ಬಾಂಧವರೇ, ಹೆದ್ದಾರಿಗೆ ಹೋಗುವ ಪ್ರತಿ ಎಕರೆಗೂ ಮಾರುಕಟ್ಟೆ ಬೆಲೆಯ ನಾಲ್ಕು ಪಟ್ಟು ಖಚಿತ. ಆಕ್ಷೇಪಣೆ ಸಲ್ಲಿಸಿದವರಿಗೆ ಹಣ ತಡವಾಗುತ್ತದೆ. ಕೂಡಲೇ ಹತ್ತು ಜನರಿಗೆ ಕಳುಹಿಸಿ."

ನಿವೃತ್ತ ಸರ್ವೆಯರ್, 8:25
ದಯವಿಟ್ಟು ಇದನ್ನು ಮುಂದಕ್ಕೆ ಕಳುಹಿಸಬೇಡಿ. 2013ರ ಭೂಸ್ವಾಧೀನ ಕಾಯ್ದೆಯ ಪರಿಹಾರದ ನಿಯಮಗಳು 2015ರ ಜನವರಿ 1ರಿಂದ ಹೆದ್ದಾರಿ ಜಮೀನಿಗೂ ಅನ್ವಯಿಸುತ್ತವೆ. ಅದರಂತೆ ಗ್ರಾಮೀಣ ಪ್ರದೇಶದಲ್ಲಿ, ಪಟ್ಟಣದಿಂದ ಇರುವ ದೂರ ನೋಡಿ, ಮಾರುಕಟ್ಟೆ ಬೆಲೆಯನ್ನು ಒಂದರಿಂದ ಎರಡರವರೆಗಿನ ಅಂಕದಿಂದ ಗುಣಿಸಿ, ಬಂದ ಮೊತ್ತದಷ್ಟೇ ಸಾಂತ್ವನ ಧನ ಸೇರಿಸುತ್ತಾರೆ. ಆ ಅಂಕ ಎರಡಾದರೆ ಮಾತ್ರ ನಾಲ್ಕು ಪಟ್ಟು. ಪಟ್ಟಣದ ವ್ಯಾಪ್ತಿಯಲ್ಲಿ ಆ ಅಂಕ ಒಂದೇ. ಹಾಗಾಗಿ ಒಂದೇ ಬದುವಿನ ಆಚೆ ಈಚೆ, ಪುರಸಭೆಗೆ ಸೇರಿದ ಗದ್ದೆಗೂ ಪಂಚಾಯಿತಿಗೆ ಸೇರಿದ ಗದ್ದೆಗೂ ಬೇರೆ ಬೇರೆ ಹಣ ಬರಬಹುದು. ಮಾರುಕಟ್ಟೆ ಬೆಲೆಯೆಂದರೆ ನಾವು ಬಾಯಲ್ಲಿ ಹೇಳುವ ಬೆಲೆಯೂ ಅಲ್ಲ, ಅದನ್ನು ನೋಂದಣಿಯಾದ ಕ್ರಯಪತ್ರಗಳನ್ನು ನೋಡಿ ಕಟ್ಟುತ್ತಾರೆ. ಆಕ್ಷೇಪಣೆ ಕೊಟ್ಟರೆ ಪರಿಹಾರ ತಡೆಯಬೇಕೆಂದು ಕಾನೂನಿನಲ್ಲಿ ಎಲ್ಲಿಯೂ ಇಲ್ಲ.

ಮಾಜಿ ಅಧ್ಯಕ್ಷರು, 8:40
ಕಾನೂನು, ಕಲಂ ಎನ್ನುತ್ತಾ ಕೂತರೆ ಗದ್ದೆ ಹೋಗುತ್ತದೆ ಸರ್ವೆಯರ್ ಸಾಹೇಬರೇ. ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣದ ರೈತರು ಸಾವಿರಕ್ಕೂ ಹೆಚ್ಚು ದಿನ ಧರಣಿ ಕೂತರು. 2025ರ ಜುಲೈ 15ರಂದು ಮುಖ್ಯಮಂತ್ರಿಗಳೇ 1,777 ಎಕರೆಯ ಸ್ವಾಧೀನ ಕೈಬಿಟ್ಟಿರುವುದಾಗಿ ಹೇಳಬೇಕಾಯಿತು. ಅವರಿಗೆ ಇದ್ದ ಒಗ್ಗಟ್ಟು ನಮಗಿಲ್ಲ, ಇದ್ದಿದ್ದರೆ ಈ ಬಡಾವಣೆಯೇ ಆಗುತ್ತಿರಲಿಲ್ಲ. ಇಲ್ಲಿನ ನಿವೇಶನಗಳೂ ಒಂದು ಕಾಲದಲ್ಲಿ ಗದ್ದೆಗಳೇ ಆಗಿದ್ದವು, ಮೊದಲು ಮಾರಿದ ಮನೆ ಯಾವುದೆಂದು ನಾನು ಹೇಳಬೇಕೇ?

ಗಿರಣಿ ಮನೆ, 8:48
ಹೆಸರು ಹೇಳದೆ ಚುಚ್ಚುವುದು ಬೇಡ, ಮಾರಿದವರು ನಾವೇ. ತಂದೆಯವರ ಆಸ್ಪತ್ರೆ ಖರ್ಚಿಗೆ, ನಮ್ಮ ಇಚ್ಛೆಯಿಂದ, ನಾವು ಒಪ್ಪಿದ ಬೆಲೆಗೆ ಮಾರಿದೆವು. ಕೊಡುವುದಿಲ್ಲ ಎಂದವರ ಗದ್ದೆಗೆ ರಾತ್ರಿ ಹೊತ್ತು ಕಲ್ಲು ನೆಡುವುದಕ್ಕೂ ಅದಕ್ಕೂ ಸಂಬಂಧ ಕಲ್ಪಿಸಬೇಡಿ. ಅಂದಿನ ನಿವೇಶನಗಳಲ್ಲಿ ಎರಡನ್ನು ಕೊಂಡವರು ತಾವೇ.

ಮಾಜಿ ಅಧ್ಯಕ್ಷರು, 8:52
ಕೊಂಡದ್ದು ನಿಜ, ಪೂರ್ತಿ ಹಣ ಕೊಟ್ಟು ಕೊಂಡಿದ್ದೇನೆ. ಈ ಬಡಾವಣೆಗೆ ನೀರು, ದೀಪ ತಂದವನು ನಾನು. ಇವತ್ತು ನನ್ನನ್ನು ಪ್ರಶ್ನಿಸುವವರು ಅಂದು ಎಲ್ಲಿದ್ದರು?

ಮೇಲಿನ ತೋಟದ ಮನೆ, 9:05
ಹಳೆಯ ಲೆಕ್ಕ ಸಾಕು. ದೇವನಹಳ್ಳಿಯದು ಕೈಗಾರಿಕೆಗೆಂದು ರಾಜ್ಯ ಸರ್ಕಾರ ಹಿಡಿದ ಜಮೀನು, ಬಿಡುವ ಅಧಿಕಾರವೂ ಅದರ ಕೈಯಲ್ಲೇ ಇತ್ತು. ನಮ್ಮದು ಕೇಂದ್ರದ ಹೆದ್ದಾರಿ. ಅವರ ಗಟ್ಟಿತನವನ್ನು ಕಲಿಯೋಣ, ಆದರೆ ಧರಣಿ ಕೂತಿದ್ದೇವೆಂದು ಶುಕ್ರವಾರದ ಗಡುವು ನಮಗಾಗಿ ಕಾಯುವುದಿಲ್ಲ.

ಕಾರ್ಯದರ್ಶಿ, 9:30
ಸಂಜೆ ಆರಕ್ಕೆ ಸಮುದಾಯ ಭವನದಲ್ಲಿ ಸೇರೋಣ. ಬಡಾವಣೆಯ ಪರವಾಗಿ ಎಲ್ಲರೂ ಸಹಿ ಹಾಕಿದ ಒಂದೇ ಮನವಿ ಕೊಟ್ಟರೆ ಸಾಲದೇ ಸಾರ್?

ನಿವೃತ್ತ ಸರ್ವೆಯರ್, 9:40
ಸಾಲದು. ಜಮೀನಿಲ್ಲದವರ ಸಹಿಗೆ ಅಲ್ಲಿ ಬೆಲೆಯಿಲ್ಲ. ಪ್ರತಿಯೊಂದು ಸರ್ವೆ ನಂಬರಿಗೂ ಪ್ರತ್ಯೇಕ ಅರ್ಜಿ, ಜೊತೆಗೆ ಪಹಣಿ, ನಕ್ಷೆ ಮತ್ತು ಬೆಳೆಯ ವಿವರ ಬೇಕು. ಜಮ್ಮಾ (ವಂಶಪಾರಂಪರ್ಯವಾಗಿ ಇಡೀ ಕುಟುಂಬಕ್ಕೆ ಸೇರಿದ) ಜಮೀನಿನವರು ಇವತ್ತೇ ಫೋನ್ ಹಿಡಿಯಿರಿ. ಪಹಣಿಯಲ್ಲಿ ಕುಟುಂಬದವರ ಹೆಸರುಗಳೆಲ್ಲ ಇರುತ್ತವೆ, ಒಬ್ಬರು ಬೆಂಗಳೂರಿನಲ್ಲಿ, ಇನ್ನೊಬ್ಬರು ಸೈನ್ಯದಲ್ಲಿ, ಮತ್ತೊಬ್ಬರು ತೀರಿಕೊಂಡು ವಾರಸುದಾರರ ಹೆಸರಿಗೆ ಪೌತಿ ಖಾತೆಯೇ ಆಗಿರುವುದಿಲ್ಲ. ಪೈಸಾರಿ (ಸರ್ಕಾರಿ) ಜಾಗದಲ್ಲಿ ಕಾಫಿ ಹಾಕಿಕೊಂಡವರ ಸ್ಥಿತಿ ಇನ್ನೂ ಕಷ್ಟ. ಹಕ್ಕುಪತ್ರವಿಲ್ಲದೆ ಜಮೀನಿನ ಪರಿಹಾರ ಸಿಗದು, ಆದರೆ ಅನುಭವದ ದಾಖಲೆ, ಕಟ್ಟಿದ ದಂಡದ ರಸೀದಿ ಏನಿದ್ದರೂ ತನ್ನಿ.

ಕೊನೆಯ ಗದ್ದೆಮನೆ, ಮಧ್ಯಾಹ್ನ 3:20
ನಮ್ಮ ಪಹಣಿ, ನಕ್ಷೆ ಸಿದ್ಧವಿದೆ. ಆದರೆ ಮತ್ತೆ ಮಳೆ ಜೋರಾಗಿದೆ, ಮುಚ್ಚಿದ ಕಾಲುವೆಯ ನೀರು ಈಗ ಬಡಾವಣೆಯ ಕಡೆಗೆ ತಿರುಗುತ್ತಿದೆ.

3ನೇ ಅಡ್ಡರಸ್ತೆ, 4:05
ನಮ್ಮ ಅಂಗಳಕ್ಕೆ ನೀರು ಬಂದಿದೆ. 2018 ಮತ್ತು 2019ರ ಆಗಸ್ಟ್‌ನಲ್ಲಿ ಕಾವೇರಿ ಉಕ್ಕಿ ನದಿ ಪಕ್ಕದ ಬಡಾವಣೆಗಳು ಮುಳುಗಿದ್ದು ನೆನಪಿದ್ದರೆ ಎಲ್ಲರೂ ಸಲಿಕೆ ತೆಗೆದುಕೊಂಡು ಬನ್ನಿ. ಮೋರಿಯಲ್ಲಿ ಕಸ ಕಟ್ಟಿಕೊಂಡಿದೆ.

ಮೇಲಿನ ತೋಟದ ಮನೆ, 4:20
ಬರುತ್ತಿದ್ದೇನೆ. ಒಂದು ಮಾತು ಮಾತ್ರ ಗಮನಿಸಿ. 2022ರ ಆಗಸ್ಟ್ ಕೊನೆಯ ಮಳೆಗೆ ರಾಮನಗರದ ಬಳಿ ಹೊಸ ಹೆದ್ದಾರಿಯೇ ಕೆರೆಯಂತಾಗಿತ್ತು. ನಮ್ಮಲ್ಲಿ ಒಂದು ಕಾಲುವೆಗೆ ಮಣ್ಣು ಬಿದ್ದದ್ದಕ್ಕೆ ಇಷ್ಟಾದರೆ, ಗದ್ದೆಬಯಲಿಗೆ ಅಡ್ಡಲಾಗಿ ಏರಿ ಕಟ್ಟಿದಾಗ ಈ ನೀರು ಎಲ್ಲಿ ಹೋಗಬೇಕು ಎನ್ನುವುದನ್ನೂ ಆಕ್ಷೇಪಣೆಯಲ್ಲಿ ಸೇರಿಸಬೇಕು.

ಮಾಜಿ ಅಧ್ಯಕ್ಷರು, 4:30
ಮೋರಿ ಕಟ್ಟಿಕೊಂಡಿರುವುದಕ್ಕೆ ಪುರಸಭೆಯೇ ಕಾರಣ. ನನ್ನ ಅವಧಿಯಲ್ಲಿ ಪ್ರತಿ ವರ್ಷ ಮೇ ತಿಂಗಳಲ್ಲೇ ಹೂಳು ತೆಗೆಸುತ್ತಿದ್ದೆ. ನಾಳೆ ಬೆಳಿಗ್ಗೆ ಎಲ್ಲರೂ ಪುರಸಭೆಯ ಮುಂದೆ ಸೇರೋಣ.

ಕಾರ್ಯದರ್ಶಿ, ಸಂಜೆ 5:10
ಮಳೆಯ ಕಾರಣ ಇಂದಿನ ಸಭೆ ಮುಂದಕ್ಕೆ ಹೋಗಿದೆ. ನಾಳೆ ಹತ್ತಕ್ಕೆ ಮೋರಿ ಮತ್ತು ಕಾಲುವೆಯ ವಿಷಯವಾಗಿ ಪುರಸಭೆಗೆ ಹೋಗುವುದು. ಹೂಳು ತೆಗೆಯುವ ಯಂತ್ರದ ಬಾಡಿಗೆಗೆ ಮನೆಗೆ ಐನೂರು ರೂಪಾಯಿ ಕೊಡಬೇಕಾಗಿ ವಿನಂತಿ.

ನಿವೃತ್ತ ಸರ್ವೆಯರ್, 9:15
ಇದುವರೆಗೆ ನನಗೆ ಎರಡು ಮನೆಯ ಪಹಣಿ ಮಾತ್ರ ಬಂದಿದೆ. ಉಳಿದವರು ಗುರುವಾರ ಮಧ್ಯಾಹ್ನದೊಳಗೆ ಕೊಟ್ಟರೆ ಅರ್ಜಿಗಳನ್ನು ನಾನೇ ಬರೆದು ಕೊಡುತ್ತೇನೆ.

3ನೇ ಅಡ್ಡರಸ್ತೆ, 9:20
ಬಾಡಿಗೆಯ ಹಣವನ್ನು ಯಾರ ಖಾತೆಗೆ ಹಾಕಬೇಕು?