ಲೇಸಿಕ್ ಆದ ಮೇಲೆ ಸಡಿಲಗೊಂಡ ಕಾರ್ನಿಯಾ: ಅಕ್ಕನ ಪ್ರಶ್ನೆಗೆ ಉತ್ತರ

ಅಕ್ಕ, ಭಾವ, ಇಬ್ಬರಿಗೂ ನಮಸ್ಕಾರ. ಕನ್ನಡಕದ ನಂಬರ್ ಇಳಿಸುವ ಲೇಸರ್ ಚಿಕಿತ್ಸೆಯಾದ ಲೇಸಿಕ್ ಆಗಿ ಕೆಲವು ವರ್ಷಗಳಾದ ಮೇಲೆ ಪುಟ್ಟಿಯ ಬಲಗಣ್ಣಿನ ಸಿಲಿಂಡರ್ ನಂಬರ್ (ಕಣ್ಣಿನ ಅಸಮ ವಕ್ರತೆಯ ನಂಬರ್) ಏರುತ್ತಿದೆ, ರಾತ್ರಿ ಒಂದು ದೀಪ ಎರಡು ಮೂರಾಗಿ ಕಾಣುತ್ತಿದೆ, ವೈದ್ಯರು ಕಣ್ಣಿನ ಮುಂಭಾಗದ ಪಾರದರ್ಶಕ ಪದರವಾದ ಕಾರ್ನಿಯಾವನ್ನು ಗಡುಸಾಗಿಸುವ ಕ್ರಾಸ್‌ಲಿಂಕಿಂಗ್ ಆಗಬೇಕು ಎಂದಿದ್ದಾರೆ, ಅದರ ಬದಲು ಇನ್ನೊಮ್ಮೆ ಲೇಸಿಕ್ ಮಾಡಿಸಬಾರದೇ ಎಂದು ಕೇಳಿದ್ದೀರಿ. ದಯವಿಟ್ಟು ಅದನ್ನು ಮಾತ್ರ ಮಾಡಿಸಬೇಡಿ. ದೃಷ್ಟಿ ಪರೀಕ್ಷಿಸುವ ಆಪ್ಟೋಮೆಟ್ರಿಸ್ಟ್ ಆಗಿ ಇಂಥವರನ್ನು ನೋಡಿರುವುದರಿಂದ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ಕಾರ್ನಿಯಾದ ನಡುಭಾಗ ಸಾಮಾನ್ಯವಾಗಿ 540 ಮೈಕ್ರಾನ್, ಅಂದರೆ ಅರ್ಧ ಮಿಲಿಮೀಟರ್ ಆಸುಪಾಸು ದಪ್ಪವಿರುತ್ತದೆ. ಲೇಸಿಕ್‌ನಲ್ಲಿ ಮೇಲಿನ ತೆಳುಪದರವನ್ನು ಕತ್ತರಿಸಿ ಎತ್ತಿ, ಕೆಳಗಿನ ಭಾಗವನ್ನು ನಂಬರಿಗೆ ತಕ್ಕಷ್ಟು ಸವೆಸುತ್ತಾರೆ. ಆ ಪದರವನ್ನು ಮತ್ತೆ ಮುಚ್ಚಿದರೂ ಅದರ ಮೊದಲಿನ ಬಲ ಪೂರ್ತಿಯಾಗಿ ಮರಳುವುದಿಲ್ಲ. ಉಳಿದ ಭಾಗ ಕಣ್ಣಿನೊಳಗಿನ ಒತ್ತಡವನ್ನು ತಡೆಯಲಾರದೆ ಮುಂದಕ್ಕೆ ಉಬ್ಬತೊಡಗಿದರೆ ಅದನ್ನೇ ಎಕ್ಟೇಸಿಯಾ ಎನ್ನುತ್ತಾರೆ. ಹೀಗಿರುವಾಗ ಇನ್ನಷ್ಟು ಸವೆಸಿದರೆ ಉಬ್ಬು ಹೆಚ್ಚುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ.

ಕ್ರಾಸ್‌ಲಿಂಕಿಂಗ್ ಜರ್ಮನಿಯ ಡ್ರೆಸ್ಡನ್‌ನಲ್ಲಿ ರೂಪುಗೊಂಡ ವಿಧಾನ. ರೋಗಿಗಳಲ್ಲಿ ಅದರ ಫಲಿತಾಂಶ 2003ರಲ್ಲಿ ಪ್ರಕಟವಾಯಿತು. ಲೇಸರ್ ನಂತರದ ಎಕ್ಟೇಸಿಯಾಕ್ಕೂ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2016ರಲ್ಲಿ ಒಪ್ಪಿಗೆ ಕೊಟ್ಟಿತು. ಕಣ್ಣಿಗೆ ಮರಗಟ್ಟಿಸುವ ಹನಿ ಹಾಕಿ, ಕಾರ್ನಿಯಾದ ಹೊರಚರ್ಮವನ್ನು ತೆಗೆದು, ಅರ್ಧ ಗಂಟೆ ರೈಬೊಫ್ಲೇವಿನ್, ಅಂದರೆ ಬಿ2 ವಿಟಮಿನ್ ಹನಿಗಳನ್ನು ಬಿಡುತ್ತಾರೆ. ನಂತರ ಮೂಲ ವಿಧಾನದಲ್ಲಿ ಇನ್ನರ್ಧ ಗಂಟೆ ನೇರಳಾತೀತ ಬೆಳಕು ಬೀರುತ್ತಾರೆ. ಇದರಿಂದ ಕಾರ್ನಿಯಾದೊಳಗಿನ ಕೊಲಾಜೆನ್ ಎಳೆಗಳ ನಡುವೆ ಹೊಸ ಬಂಧಗಳು ಹುಟ್ಟಿ ಅದು ಗಡುಸಾಗುತ್ತದೆ. ಒಳಪದರದ ಜೀವಕೋಶಗಳಿಗೆ ಹಾನಿಯಾಗದಿರಲು ಹೊರಚರ್ಮ ತೆಗೆದ ಮೇಲೂ ಕನಿಷ್ಠ 400 ಮೈಕ್ರಾನ್ ದಪ್ಪ ಉಳಿದಿರಬೇಕೆಂಬುದು ಆ ವಿಧಾನದ ನಿಯಮ. ಆದ್ದರಿಂದ ಪುಟ್ಟಿಯ ಅತಿ ತೆಳುವಾದ ಜಾಗದ ಅಳತೆ ಎಷ್ಟು, ಕಡಿಮೆಯಿದ್ದರೆ ಏನು ಮಾಡುತ್ತೀರಿ ಎಂದು ವೈದ್ಯರನ್ನು ಕೇಳಿ. ತಡಮಾಡಿದಷ್ಟೂ ಆ ಅಳತೆ ಇಳಿಯಬಹುದು ಎಂಬುದೇ ನನ್ನ ಆತಂಕ.

ಭಾವ, ಇದನ್ನು ಮಾಡಿಸಿದರೆ ಕನ್ನಡಕವೇ ಬೇಡವಾಗುತ್ತದೆ ಎಂಬ ನಿರೀಕ್ಷೆ ಮಾತ್ರ ಬೇಡ. ಉಬ್ಬುವುದನ್ನು ನಿಲ್ಲಿಸುವುದೇ ಇದರ ಮುಖ್ಯ ಕೆಲಸ. ದೃಷ್ಟಿ ಸ್ವಲ್ಪ ಸುಧಾರಿಸಿದರೆ ಅದು ಲಾಭ. ಮೊದಲ ಎರಡು ಮೂರು ದಿನ ಚೆನ್ನಾಗಿಯೇ ನೋಯುತ್ತದೆ, ಗಾಯ ಮಾಯುವವರೆಗೆ ಅದನ್ನು ಮುಚ್ಚಿಡುವ ಬ್ಯಾಂಡೇಜ್ ಲೆನ್ಸ್ ಹಾಕಿರುತ್ತಾರೆ. ಮೊದಲ ಕೆಲವು ವಾರ ನೋಟ ಮೊದಲಿಗಿಂತ ಮಂಜಾದರೆ ಗಾಬರಿಯಾಗಬೇಡಿ. ಆದರೆ ನೋವು, ಕೆಂಪು ಇಳಿಯದೆ ಏರಿದರೆ ಸೋಂಕಿರಬಹುದು, ಅದೇ ದಿನ ಆಸ್ಪತ್ರೆಗೆ ಹೋಗಿ.

ಸ್ಪಷ್ಟ ನೋಟಕ್ಕೆ ಕನ್ನಡಕ ಸಾಲದಿದ್ದರೆ ಗಟ್ಟಿ ಕಾಂಟ್ಯಾಕ್ಟ್ ಲೆನ್ಸ್ ಅಥವಾ ಸ್ಕ್ಲೀರಲ್ ಲೆನ್ಸ್ ಇದೆ. ಸ್ಕ್ಲೀರಲ್ ಲೆನ್ಸ್ ಕಣ್ಣಿನ ಬಿಳಿಭಾಗದ ಮೇಲೆ ಕೂತು, ತನ್ನ ಕೆಳಗಿನ ದ್ರವದಿಂದ ಕಾರ್ನಿಯಾದ ಏರುತಗ್ಗನ್ನು ತುಂಬುವುದರಿಂದ ದೀಪಗಳು ಚೆದುರಿ ಕಾಣುವುದು ಬಹಳ ಮಟ್ಟಿಗೆ ಕಡಿಮೆಯಾಗುತ್ತದೆ. ಕಾರ್ನಿಯಾ ಕಸಿ ಇವೆಲ್ಲ ಕೈಕೊಟ್ಟಾಗಿನ ಮಾತು, ಈಗಲೇ ಅದನ್ನು ಯೋಚಿಸಿ ನಿದ್ದೆ ಕೆಡಿಸಿಕೊಳ್ಳಬೇಡಿ.

ಪುಟ್ಟಿ ಕಣ್ಣು ಉಜ್ಜುವುದನ್ನು ಇಂದೇ ಬಿಡಲಿ. ಅಲರ್ಜಿಯ ತುರಿಕೆಯಿದ್ದರೆ ಅದಕ್ಕೆ ಹನಿ ಬರೆಸಿಕೊಳ್ಳಿ. ಲೇಸಿಕ್‌ಗೆ ಮುಂಚಿನ ಟೋಪೋಗ್ರಫಿ (ಕಾರ್ನಿಯಾದ ಆಕಾರದ ನಕ್ಷೆ) ಚಿತ್ರಗಳನ್ನೂ ಜೊತೆಗೆ ಒಯ್ಯಿರಿ, ಮತ್ತು ಎಡಗಣ್ಣಿನ ನೋಟ ಚೆನ್ನಾಗಿದ್ದರೂ ಅದಕ್ಕೂ ಟೋಪೋಗ್ರಫಿ ಮಾಡಿಸಿ, ಏಕೆಂದರೆ ಇದು ಎಷ್ಟೋ ಜನರಿಗೆ ಎರಡೂ ಕಣ್ಣುಗಳಲ್ಲಿ ಬರುತ್ತದೆ.